ಸ್ವರ ನಿಲ್ಲಿಸುವ ಕಸುಬು

ಮ್ಯೂಸಿಕ್ ಬಾಕ್ಸ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಿಫ್ಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದರೆ ಗೊಂಬೆ ಗಿರಗಿರ ಸುತ್ತುತ್ತದೆ, ಅದೇ ಟ್ಯೂನು ಕಿಣಿಕಿಣಿ ಅನ್ನುತ್ತದೆ, ಎರಡನೇ ದಿನಕ್ಕೆ ಮನೆಮಂದಿಗೆಲ್ಲ ತಲೆನೋವು. ಆ ಡಬ್ಬಿಯ ಮುತ್ತಜ್ಜಂದಿರ ದನಿ ಕೇಳಬೇಕಿದ್ದರೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಹೋಗಬೇಕು. ಊರ ನಡುವಿನ ಬ್ಯೂರ್‌ಕೆರ್ಕ್ ಎಂಬ ಮಧ್ಯಯುಗದ ಚರ್ಚಿನಲ್ಲಿ 1984ರಿಂದ ಸ್ಪೇಲ್‌ಕ್ಲೊಕ್ ಮ್ಯೂಸಿಯಂ ನಡೆಯುತ್ತಿದೆ. ತನ್ನಷ್ಟಕ್ಕೆ ತಾನೇ ನುಡಿಯುವ ವಾದ್ಯಗಳಿಗೇ ಮೀಸಲಾದ ಜಾಗ. ಬೇರೆ ಕಡೆ ಗಾಜಿನ ಹಿಂದೆ ಬಾಯಿಮುಚ್ಚಿ ಕೂತಿರುವಂಥವನ್ನು ಇಲ್ಲಿ ಗೈಡ್ ಕೀ ಕೊಟ್ಟು ನುಡಿಸಿ ತೋರಿಸುತ್ತಾರೆ.

ಈ ಚರ್ಚಿಗೊಂದು ಹಳೆಯ ಕಥೆಯೂ ಇದೆ. ಬರ್ಟ್ಕೆನ್ ಎಂಬ ಸನ್ಯಾಸಿನಿ ಇದರ ಗೋಡೆಗಂಟಿದ ಸಣ್ಣ ಕೋಣೆಯೊಳಗೆ ತನ್ನನ್ನು ಮುಚ್ಚಿಸಿಕೊಂಡು, 57 ವರ್ಷ ಹೊರಗೆ ಕಾಲಿಡದೆ ಅಲ್ಲೇ ಇದ್ದು 1514ರಲ್ಲಿ ತೀರಿಕೊಂಡಳು. ಈಗ ಅದೇ ಕಮಾನುಗಳ ಕೆಳಗೆ ಬೀದಿ ಆರ್ಗನ್‌ಗಳು ಡೋಲು ತಾಳ ಸಮೇತ ಅಬ್ಬರಿಸುತ್ತವೆ. ಪಾಪ, ಆಕೆ ಮೊದಲೇ ಹುಟ್ಟಿದ್ದು ಒಳ್ಳೆಯದಾಯಿತು.

ಜನ ಮುಗಿಬೀಳುವುದು ಆ ದೊಡ್ಡ ಆರ್ಗನ್‌ಗಳ ಮುಂದೆ. ಮಕ್ಕಳಿಗಂತೂ ಎಲೆಕೋಸಿನೊಳಗಿಂದ ತಲೆ ಎತ್ತುವ ಬಿಳಿ ಮೊಲವೊಂದೇ ಸಾಕು. ನನ್ನ ಸಲಹೆ ಕೇಳುವುದಾದರೆ, ಸಿಲಿಂಡರ್ ಇರುವ ಹಳೆಯ ಮ್ಯೂಸಿಕ್ ಬಾಕ್ಸ್‌ನ ಸರದಿ ಬಂದಾಗ ಮುಂದಿನ ಸಾಲಿನಲ್ಲಿರಿ. ಮರದ ಕೆತ್ತನೆ ಆಮೇಲೆ ನೋಡಿದರಾಯಿತು. ಮುಚ್ಚಳ ತೆರೆದ ಕೂಡಲೇ ಕಣ್ಣು ಬಾಚಣಿಗೆಯ ಮೇಲಿರಲಿ.

ಬಾಚಣಿಗೆ ಅಂದರೆ ಉಕ್ಕಿನ ಒಂದು ಪಟ್ಟಿ, ಅದರಲ್ಲಿ ಸೀಳಿದ ಹಲ್ಲುಗಳು, ಹಲ್ಲಿಗೊಂದು ಸ್ವರ. ಜಿನೀವಾದ ಗಡಿಯಾರ ಕುಶಲಿ ಆಂತ್ವಾನ್ ಫಾವ್ರ್ 1796ರಲ್ಲಿ ತೋರಿಸಿದ್ದು ಇದನ್ನೇ: ಗಂಟೆ ಬೇಡ, ಸುತ್ತಿಗೆ ಬೇಡ, ಉಕ್ಕನ್ನು ಮೀಟಿದರೆ ಸಾಕು. ಮುಂದೆ ಈ ಕಸುಬು ಜುರಾ ಬೆಟ್ಟಗಳ ಸಾಂತ್ ಕ್ರ್ವಾ ಎಂಬ ಊರಿನಲ್ಲಿ ಬೇರುಬಿಟ್ಟಿತು. ಹಿತ್ತಾಳೆಯ ಸಿಲಿಂಡರಿನ ಮೇಲೆ ಸಾವಿರಾರು ಉಕ್ಕಿನ ಮುಳ್ಳುಗಳನ್ನು ಒಂದೊಂದಾಗಿ ಚುಚ್ಚಿ ಕೂರಿಸುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಒಂದು ಹಾಡು ಮುಗಿದಾಗ ಸಿಲಿಂಡರ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಇನ್ನೊಂದು ಹಾಡಿನ ಮುಳ್ಳುಗಳು ಹಲ್ಲಿನ ತುದಿಗೆ ಸಿಗುತ್ತವೆ. ಒಂದೇ ಸಿಲಿಂಡರಿನಲ್ಲಿ ಆರೆಂಟು ಹಾಡು ಅಡಗಿರುವುದು ಹೀಗೆ.

ಇಷ್ಟನ್ನು ಯಾವ ಗೈಡ್ ಆದರೂ ಹೇಳುತ್ತಾರೆ. ನಿಜವಾದ ಕೈಚಳಕ ಇರುವುದು ಹಲ್ಲಿನ ಕೆಳಗೆ. ಮಂದ್ರದ ಹಲ್ಲುಗಳಿಗೆ ಅಡಿಯಲ್ಲಿ ಸೀಸದ ತುಂಡು ಬೆಸೆದು ತೂಕ ಹೆಚ್ಚಿಸಿರುತ್ತಾರೆ, ತೂಕ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಆದರೆ ಅಷ್ಟು ಭಾರದ ಹಲ್ಲು ಒಮ್ಮೆ ಅದುರತೊಡಗಿದರೆ ಬೇಗ ನಿಲ್ಲುವುದಿಲ್ಲ. ಅದೇ ಸ್ವರ ಮತ್ತೆ ಬೇಕಾಯಿತು ಅನ್ನಿ, ಮುಂದಿನ ಮುಳ್ಳು ಬಂದು ಅದುರುತ್ತಿರುವ ಉಕ್ಕಿಗೆ ತಗುಲಿದರೆ ಕಿರ್ರ್ ಎಂಬ ಅಪಸ್ವರ. ಅದಕ್ಕಾಗಿ ಹಲ್ಲಿನ ತುದಿಯ ಕೆಳಗೆ ನವಿರಾದ ಬಾಗಿದ ತಂತಿಯೊಂದನ್ನು ಇಟ್ಟಿರುತ್ತಾರೆ. ಮುಳ್ಳು ಮೊದಲು ಆ ತಂತಿಯನ್ನು ಒತ್ತುತ್ತದೆ, ತಂತಿ ಹಲ್ಲನ್ನು ಸುಮ್ಮನಾಗಿಸುತ್ತದೆ, ಆಮೇಲೆ ಮೀಟು. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ನಡೆದುಹೋಗುತ್ತದೆ. ತಾರದ ಹಲ್ಲುಗಳಿಗೆ ತಂತಿಯ ಬದಲು ಹಕ್ಕಿಯ ಗರಿಯ ಚೂರು. ಈ ಡ್ಯಾಂಪರ್‌ಗಳು ಬಾಗಿಯೋ ಉದುರಿಯೋ ಹೋಗಿದ್ದರೆ ಪೆಟ್ಟಿಗೆ ಎಷ್ಟೇ ಥಳಥಳಿಸಲಿ, ನನ್ನ ಮಟ್ಟಿಗೆ ಅದು ಬರಿಯ ಪೀಠೋಪಕರಣ. ನಾನು ಕೇಳುವುದು ಟ್ಯೂನನ್ನಲ್ಲ, ಕೆಳಗಿನ ಒಂದು ಸ್ವರ ಬೆನ್ನುಬೆನ್ನಿಗೆ ಬಂದಾಗ ಎಷ್ಟು ಸ್ವಚ್ಛವಾಗಿ ನಿಂತು ಮತ್ತೆ ಹುಟ್ಟಿತು ಎಂಬುದನ್ನು.

ಗಮಕಕ್ಕೆ ಒಗ್ಗಿದ ಕಿವಿಗೆ ಮೊದಮೊದಲು ಇದು ಸಪ್ಪೆ ಅನ್ನಿಸೀತು. ಜಾರು ಇಲ್ಲ, ಕಂಪಿತ ಇಲ್ಲ, ಸ್ವರ ಎಳೆಯುವುದಕ್ಕೂ ದಾರಿಯಿಲ್ಲ. ಆ ಕೊರತೆಗೆ ಹಳಬರು ಕಂಡುಕೊಂಡ ಉಪಾಯ ನೋಡಿ: ಒಂದೇ ಸ್ವರಕ್ಕೆ ಅಕ್ಕಪಕ್ಕದ ಹಲವು ಹಲ್ಲುಗಳನ್ನು ಶ್ರುತಿ ಮಾಡಿ, ಒಂದರ ಹಿಂದೊಂದು ಸರಸರ ಮೀಟಿಸಿದರು. ಸ್ವರ ಉದ್ದಕ್ಕೆ ತುಂಬಿ ನಿಂತಂತೆ ಕೇಳುತ್ತದೆ. ಮ್ಯಾಂಡೊಲಿನ್ ಬಾಕ್ಸ್ ಎಂದು ಅದಕ್ಕೆ ಹೆಸರು. ಸಿಕ್ಕಿದರೆ ಬಿಡಬೇಡಿ. ಗಂಟೆ, ಡೋಲು, ಕುಣಿಯುವ ಚಿಟ್ಟೆಗಳನ್ನು ಜೋಡಿಸಿದ ಪೆಟ್ಟಿಗೆಗಳ ಬಗ್ಗೆ ನನಗೆ ಅಂಥ ಗೌರವವಿಲ್ಲ. ಸಂಗೀತ ತೆಳುವಾದಲ್ಲಿ ಸದ್ದು ಸುರಿದ ಹಾಗೆ.

ಹರಾಜಿನಲ್ಲೋ ಹಳೆಯ ಸಾಮಾನಿನ ಅಂಗಡಿಯಲ್ಲೋ ಇಂಥದ್ದೊಂದು ನಿಮ್ಮ ಕೈಗೇ ಬಂತು ಅನ್ನಿ. ಸ್ಪ್ರಿಂಗ್ ಪೂರ್ತಿ ಸಡಿಲವಾಗುವ ತನಕ ನುಡಿಸಿ, ನಂತರವೇ ಸಾಗಿಸಿ. ವೇಗ ಹಿಡಿದಿಡುವುದು ಒಂದು ಪುಟ್ಟ ಗಾಳಿರೆಕ್ಕೆ. ಕೀ ಕೊಟ್ಟಿರುವಾಗ ಅದರ ಹಿಡಿತ ತಪ್ಪಿತೋ, ಸಿಲಿಂಡರ್ ಹುಚ್ಚೆದ್ದು ತಿರುಗಿ, ಮುಳ್ಳುಗಳೆಲ್ಲ ಮಲಗಿ, ಹಲ್ಲುಗಳು ಪಟಪಟ ಮುರಿಯುತ್ತವೆ.

1880ರ ದಶಕದಲ್ಲಿ ಲೈಪ್‌ಜಿಗ್‌ನವರು ಸಿಲಿಂಡರ್ ಬಿಟ್ಟು ಲೋಹದ ತಟ್ಟೆಗೆ ಬಂದರು. ತಟ್ಟೆ ಅಗ್ಗ, ಹಾಡು ಬೇಕಾದಷ್ಟು ಬದಲಿಸಬಹುದು. ಕಾಸು ಹಾಕಿದರೆ ಹೆಂಡದಂಗಡಿಯಲ್ಲೂ ನುಡಿಯುವ ಪಾಲಿಫೋನ್ ಎಂಬ ಆಳೆತ್ತರದ ತಟ್ಟೆ ಪೆಟ್ಟಿಗೆಗಳು ಬಂದವು. ಅವುಗಳ ದನಿ ದೊಡ್ಡದು, ದುಂಡಗಿನದು ಕೂಡ, ಅಲ್ಲಗಳೆಯಲಾರೆ. ಉಟ್ರೆಕ್ಟ್‌ನಲ್ಲಿರುವ ಹುಪ್‌ಫೆಲ್ಡ್ ಕಂಪನಿಯ ವಯೊಲಿನಾ ಇನ್ನೂ ಒಂದು ಹೆಜ್ಜೆ ಮುಂದೆ. ಮೂರು ಪಿಟೀಲು, ಸುತ್ತ ತಿರುಗುವ ಕುದುರೆಗೂದಲಿನ ಬಳೆಯೇ ಕಮಾನು, ಸರದಿ ಬಂದಾಗ ಪಿಟೀಲೇ ಮುಂದೆ ಬಾಗಿ ಕಮಾನಿಗೆ ತಂತಿ ತಾಗಿಸುತ್ತದೆ. ನೋಡಲು ಮೈನವಿರೇಳುತ್ತದೆ, ಕೇಳಲು ಅಷ್ಟಕ್ಕಷ್ಟೇ.

ಗ್ರಾಮಫೋನ್ ಬಂದ ಮೇಲೆ ಈ ವ್ಯಾಪಾರ ನೆಲಕಚ್ಚಿತು, ಸಾಂತ್ ಕ್ರ್ವಾದ ಕೈಗಳು ಮಾತ್ರ ಸುಮ್ಮನಿರಲಿಲ್ಲ. ಅಲ್ಲಿನ ಪಾಯಾರ್ ಕಂಪನಿ ಬೋಲೆಕ್ಸ್ ಸಿನಿಮಾ ಕ್ಯಾಮೆರಾ ಮಾಡಿತು. ಎಲ್‌ಪಿ ಗೀಳಿನವರು ಜೀವ ಬಿಡುವ, 1957ರಲ್ಲಿ ಬಂದ ಟಿಡಿ 124 ಟರ್ನ್‌ಟೇಬಲ್‌ನ ಥೋರೆನ್ಸ್ ಕಂಪನಿ ಶುರುವಾದದ್ದೂ ಅದೇ ಊರಿನಲ್ಲಿ, 1883ರಲ್ಲಿ, ಮ್ಯೂಸಿಕ್ ಬಾಕ್ಸ್ ಮಾಡಿಕೊಂಡು.