ಹುಟ್ಟುಹಬ್ಬದೊಳಗೆ ದಡ ಮುಟ್ಟಬೇಕಂತೆ

ಒಬ್ಬಳೇ ಹಾಯಿದೋಣಿಯಲ್ಲಿ ಭೂಮಿ ಸುತ್ತಲು ಹೊರಟ ಹುಡುಗಿ ಲಾರಾ ಡೆಕ್ಕರ್ ಪ್ರಕರಣದಲ್ಲಿ ಡಚ್ ನ್ಯಾಯಾಲಯಗಳು ಏನೇನು ಹೇಳಿದವು ಎಂಬುದನ್ನು ಈ ವಾರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊಟ್ಟ ಮಾತಿನಂತೆ ಸೋಮವಾರ ಬೆಳಿಗ್ಗೆ ಕುಳಿತೂ ಇದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಓದುಗರೊಬ್ಬರ ಫೋನ್ ಬಂತು. ಈ ಅಂಕಣವನ್ನು ಮೊದಲ ವಾರದಿಂದ ಓದುತ್ತಿದ್ದಾರಂತೆ. ಎರಡು ವರ್ಷದ ಹಿಂದೆ ನಾನು ಕೇಪ್ ಹಾರ್ನ್ ಬಗ್ಗೆ ಬರೆದ ಒಂದು ತಪ್ಪನ್ನೂ ಎತ್ತಿ ಆಡಿದ್ದರಿಂದ ಆ ಮಾತನ್ನು ನಂಬಿದೆ. ಮಗನಿಗೆ ಹದಿನೈದು. ಹಲಸೂರು ಕೆರೆಯಲ್ಲಿ ಆಪ್ಟಿಮಿಸ್ಟ್ ಎಂಬ ಪುಟ್ಟ ಹಾಯಿದೋಣಿ ಓಡಿಸಿ ಕಲಿತವನು. ಜೆಸ್ಸಿಕಾ ವಾಟ್ಸನ್ ಕುರಿತ ನೆಟ್‌ಫ್ಲಿಕ್ಸ್ ಸಿನಿಮಾ ನೋಡಿದ ಮೇಲೆ, ಹದಿನೆಂಟು ತುಂಬುವುದರೊಳಗೆ ತಾನೂ ಒಬ್ಬನೇ ಭೂಮಿ ಸುತ್ತಬೇಕು ಎಂದು ಹಟ ಹಿಡಿದಿದ್ದಾನೆ.

"ಬಿಡಬಹುದಾ ಸರ್?"

"ಹದಿನೆಂಟರೊಳಗೇ ಯಾಕಂತೆ?"

"ಆಮೇಲೆ ಹೋದ್ರೆ ಏನು ವಿಶೇಷ ಅಂತಾನೆ."

ಕೋರ್ಟಿನ ಕಡತ ಅಲ್ಲೇ ಮುಚ್ಚಿದೆ.

ಹದಿಹರೆಯದವರು ಒಬ್ಬರೇ ಕಡಲಿಗೆ ಹೋಗಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ಜನ ವಯಸ್ಸಿನ ಮೇಲೆ ಬೀಳುತ್ತಾರೆ. ಹದಿಮೂರಾದರೆ ಹುಚ್ಚು, ಹದಿನಾರಾದರೆ ದುಸ್ಸಾಹಸ, ಹದಿನೆಂಟಾದರೆ ಸಾಧನೆ. ನನಗೆ ಮೊದಲಿನಿಂದಲೂ ಆಗದಿರುವುದು 'ಅತಿ ಕಿರಿಯ' ಎಂಬ ಆ ಬಿರುದು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ಕೊನೆಯ ದಿನಾಂಕದ ಕಷ್ಟ ಏನೆಂದು ಅಂಕಣಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಡವಾದರೆ ನಾನು ಎರಡು ಪ್ಯಾರಾ ಕಳಪೆಯಾಗಿ ಬರೆದು ಕಳಿಸಿಬಿಡುತ್ತೇನೆ. ಸಮುದ್ರದಲ್ಲಿ ಹಾಗೆ ನಡೆಯುವುದಿಲ್ಲ.

ಸಮುದ್ರಕ್ಕೆ ತನ್ನದೇ ಪಂಚಾಂಗ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ನೀರಿಗಿಳಿಯಬಾರದು ಎಂದು ಸರ್ಕಾರ ಹೇಳುವುದಕ್ಕೆ ಎಷ್ಟೋ ಕಾಲ ಮೊದಲೇ ನಮ್ಮ ಕರಾವಳಿಯವರು ಮಳೆಗಾಲಕ್ಕೆ ದೋಣಿ ಮೇಲೆಳೆದು, ನೂಲಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟು, ಆಮೇಲೆ ಇಳಿಯುತ್ತಿದ್ದರು. ದಕ್ಷಿಣ ಮಹಾಸಾಗರದ ಪಂಚಾಂಗವೂ ಅಷ್ಟೇ ಕಟ್ಟುನಿಟ್ಟು. ಅಲ್ಲಿನ ಬೇಸಿಗೆ, ಅಂದರೆ ನಮ್ಮ ಡಿಸೆಂಬರಿನಿಂದ ಫೆಬ್ರವರಿ, ಮುಗಿಯುವುದರೊಳಗೆ ಕಷ್ಟದ ಭಾಗ ದಾಟಿರಬೇಕು. ವಾಟ್ಸನ್ 2009ರ ಅಕ್ಟೋಬರ್ 18ಕ್ಕೆ ಸಿಡ್ನಿ ಬಿಟ್ಟಳು, ಜನವರಿಯಲ್ಲಿ ಕೇಪ್ ಹಾರ್ನ್ ದಾಟಿದಳು, 2010ರ ಮೇ 15ಕ್ಕೆ ಮರಳಿದಳು. ಹದಿನೇಳು ತುಂಬಲು ಮೂರು ದಿನ ಬಾಕಿ ಇತ್ತು. ಅವಳ ಅದೃಷ್ಟಕ್ಕೆ ಹುಟ್ಟುಹಬ್ಬವೂ ಋತುವೂ ಜೊತೆಯಾಗಿ ಹೊಂದಿಕೊಂಡವು.

ಅದೇ ವರ್ಷ ಅಮೆರಿಕದ ಅಬಿ ಸಂಡರ್‌ಲ್ಯಾಂಡ್‌ಗೆ ಹೊಂದಿಕೊಳ್ಳಲಿಲ್ಲ. ಅವಳ ಅಣ್ಣ ಝಾಕ್ 2009ರ ಜುಲೈನಲ್ಲಿ, ಹದಿನೇಳರಲ್ಲಿ, ಭೂಮಿ ಸುತ್ತಿ ಬಂದು 'ಅತಿ ಕಿರಿಯ' ಅನಿಸಿಕೊಂಡ. ಆರು ವಾರದಲ್ಲಿ ಇಂಗ್ಲೆಂಡಿನ ಮೈಕ್ ಪೆರಮ್ ಬಂದು ಕಿತ್ತುಕೊಂಡ. ಅವನು ಕೆಲವು ತಿಂಗಳು ಚಿಕ್ಕವನಂತೆ. ತಂಗಿ ಹದಿನಾರರಲ್ಲಿ ಹೊರಟಳು. ಹೊರಟದ್ದು ಜನವರಿ 23ಕ್ಕೆ. ವಾಟ್ಸನ್ ಆಗಲೇ ಹಾರ್ನ್ ದಾಟಿ ಆಗಿತ್ತು. ಮೆಕ್ಸಿಕೋದ ಕಾಬೋದಲ್ಲಿ ಒಮ್ಮೆ ರಿಪೇರಿ, ಕೇಪ್‌ಟೌನ್‌ನಲ್ಲಿ ಇನ್ನೊಮ್ಮೆ. ಕೇಪ್‌ಟೌನ್ ಬಿಡುವಷ್ಟರಲ್ಲಿ ಮೇ ತಿಂಗಳ ಕೊನೆ ಬಂದಿತ್ತು. ಜೂನ್ 10ಕ್ಕೆ, ದಕ್ಷಿಣ ಹಿಂದೂ ಮಹಾಸಾಗರದ ನಡುಚಳಿಗಾಲದಲ್ಲಿ, ಅಲೆಯೊಂದು ದೋಣಿಯನ್ನು ಉರುಳಿಸಿ ಕೂವೆಮರ ಮುರಿಯಿತು. ಪರ್ತ್‌ನಿಂದ ಕ್ವಾಂಟಾಸ್ ವಿಮಾನ ಬಾಡಿಗೆಗೆ ಪಡೆದು ಹುಡುಕಿದರು. ಫ್ರೆಂಚ್ ಮೀನುಗಾರಿಕಾ ಹಡಗೊಂದು ದಾರಿ ಬದಲಿಸಿ ಬಂದು ಎರಡು ದಿನದ ಮೇಲೆ ಅವಳನ್ನು ಎತ್ತಿಕೊಂಡಿತು. ಎತ್ತುವಾಗ ಆ ಹಡಗಿನ ಕ್ಯಾಪ್ಟನ್ನೇ ನೀರಿಗೆ ಬಿದ್ದು ಅವರನ್ನು ಮೊದಲು ಉಳಿಸಬೇಕಾಯಿತು. ಕೈಬಿಟ್ಟ ದೋಣಿ ಎಂಟು ವರ್ಷ ಯಾರ ಕಣ್ಣಿಗೂ ಬೀಳದೆ ತೇಲಿ, 2018ರ ಕೊನೆಗೆ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಬಳಿ ಮಗುಚಿಕೊಂಡ ಸ್ಥಿತಿಯಲ್ಲಿ ಸಿಕ್ಕಿತು.

ಹುಡುಗಿಗೆ ದೋಣಿ ನಡೆಸಲು ಬರುತ್ತಿರಲಿಲ್ಲ ಎಂದು ಆಗ ಬೈದವರು ಬಹಳ. ಅದು ಅನ್ಯಾಯ. ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2013ರಲ್ಲೇ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದವರು. 2018ರ ಸೆಪ್ಟೆಂಬರಿನಲ್ಲಿ, ಗೋಲ್ಡನ್ ಗ್ಲೋಬ್ ಪಂದ್ಯದ ನಡುವೆ, ಅದೇ ಸಮುದ್ರದಲ್ಲಿ ಅವರ 'ತುರಿಯಾ'ದ ಕೂವೆಯೂ ಮುರಿಯಿತು, ಬೆನ್ನಿಗೆ ಪೆಟ್ಟು ಬಿದ್ದು ಏಳಲಾಗದೆ ಮೂರು ದಿನ ಮಲಗಿದ್ದರು. ಅವರನ್ನು ಎತ್ತಿದ್ದೂ ಫ್ರೆಂಚರ ಹಡಗೇ. ವಯಸ್ಸು ಮೂವತ್ತೊಂಬತ್ತು. ಬೆನ್ನು ರಿಪೇರಿ ಮಾಡಿಸಿಕೊಂಡು ಮುಂದಿನ ಪಂದ್ಯಕ್ಕೂ ಹೋಗಿ 2023ರಲ್ಲಿ ಎರಡನೆಯವರಾಗಿ ಬಂದರು. ದಕ್ಷಿಣದ ಅಲೆ ಜನನ ಪ್ರಮಾಣಪತ್ರ ಕೇಳುವುದಿಲ್ಲ. ತಿಂಗಳು ಮಾತ್ರ ನೋಡುತ್ತದೆ, ಅದೂ ಯಾವಾಗಲೂ ಅಲ್ಲ.

ವಿಮಾನದವರು ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿತರು. 1996ರ ಏಪ್ರಿಲಿನಲ್ಲಿ ಏಳು ವರ್ಷದ ಜೆಸ್ಸಿಕಾ ಡುಬ್ರಾಫ್ ಅಮೆರಿಕವನ್ನು ವಿಮಾನದಲ್ಲಿ ಅಡ್ಡ ಹಾಯುವ ದಾಖಲೆಗೆ ಹೊರಟಳು. ಪಕ್ಕದಲ್ಲಿ ತರಬೇತುದಾರ, ಹಿಂದೆ ಅಪ್ಪ. ಮುಂದಿನ ಊರಲ್ಲಿ ಪತ್ರಕರ್ತರು ಕಾಯುತ್ತಿದ್ದರು. ಶಯಾನ್ ನಗರದಲ್ಲಿ ಗುಡುಗು ಮಳೆ ಶುರುವಾಗಿದ್ದರೂ ಭಾರ ಹೆಚ್ಚಾದ ವಿಮಾನವನ್ನು ಏರಿಸಿದರು. ಮೂವರೂ ಉಳಿಯಲಿಲ್ಲ. ಅದೇ ವರ್ಷ ಇಂಥ ದಾಖಲೆ ಹಾರಾಟಗಳನ್ನು ತಡೆಯುವ ಕಾನೂನು ಬಂತು.

ಹಾಯಿದೋಣಿಯ ಲೋಕವೂ ತಡವಾಗಿ ಎಚ್ಚೆತ್ತಿದೆ. ಗಿನ್ನೆಸ್ ಆಗಲಿ, ಹಾಯಿದೋಣಿ ದಾಖಲೆಗಳನ್ನು ನೋಡಿಕೊಳ್ಳುವ ವಿಶ್ವ ಮಂಡಳಿಯಾಗಲಿ ಈಗ 'ಅತಿ ಕಿರಿಯ' ಎಂಬ ವಿಭಾಗವನ್ನೇ ಇಟ್ಟುಕೊಂಡಿಲ್ಲ. ಲಾರಾ ಡೆಕ್ಕರ್ 2012ರ ಜನವರಿ 21ಕ್ಕೆ ಸೇಂಟ್ ಮಾರ್ಟಿನ್ ಮುಟ್ಟಿದಾಗ ಅವಳಿಗೆ 16 ವರ್ಷ, 123 ದಿನ. ಯಾವ ಪುಸ್ತಕದಲ್ಲೂ ಬರೆದುಕೊಳ್ಳುವವರಿರಲಿಲ್ಲ. ನನಗೆ ಅವಳು ಇಷ್ಟವಾಗುವುದು ಅದಕ್ಕೇ ಸ್ವಲ್ಪ. ಬಂದರು ಬಂದರಿಗೆ ನಿಂತಳು, ಚಂಡಮಾರುತದ ಕಾಲವನ್ನು ತಪ್ಪಿಸಿದಳು, ಕೇಪ್ ಹಾರ್ನ್ ಗೊಡವೆಗೆ ಹೋಗದೆ ಪನಾಮಾ ಕಾಲುವೆಯಲ್ಲಿ ದಾಟಿದಳು.

ಇಲ್ಲಿ ನನ್ನ ಹಳೆಯ ಬಾಕಿಯೊಂದನ್ನು ತೀರಿಸಿಕೊಳ್ಳುತ್ತೇನೆ. ತಡೆರಹಿತ ಪಂಥದವರು ಎಂದರೆ ಯಾರೆಂದು ಹಳಬರಿಗೆ ಗೊತ್ತು. ಎಲ್ಲೂ ಲಂಗರು ಹಾಕದೆ, ಯಾರ ಸಹಾಯವನ್ನೂ ಪಡೆಯದೆ, ಒಂದು ಬೋಲ್ಟನ್ನೂ ಹೊರಗಿನಿಂದ ತೆಗೆದುಕೊಳ್ಳದೆ ಸುತ್ತಿದರೆ ಮಾತ್ರ ಲೆಕ್ಕ ಎನ್ನುವವರು. ನ್ಯೂಯಾರ್ಕಿನ ಟಾನಿಯಾ ಏಬಿ 1985ರಲ್ಲಿ, ಹದಿನೆಂಟರಲ್ಲಿ, 26 ಅಡಿಯ ದೋಣಿಯಲ್ಲಿ ಹೊರಟು ಎರಡೂವರೆ ವರ್ಷ ಸುತ್ತಿ ಬಂದವಳು. ಕಾಲೇಜಿಗೆ ಸೇರುತ್ತೀಯಾ, ದೋಣಿ ತೆಗೆದುಕೊಂಡು ಭೂಮಿ ಸುತ್ತುತ್ತೀಯಾ ಎಂದು ಕೇಳಿದ್ದು ಅವಳ ಅಪ್ಪ. ದಕ್ಷಿಣ ಪೆಸಿಫಿಕ್‌ನಲ್ಲಿ ಒಮ್ಮೆ ಸ್ನೇಹಿತೆಯೊಬ್ಬಳನ್ನು 80 ಮೈಲಿ ಕೂರಿಸಿಕೊಂಡು ಹೋದಳು ಎಂಬ ಕಾರಣಕ್ಕೆ ದಾಖಲೆ ಕೈತಪ್ಪಿತು. ಸಾವಿರಾರು ಮೈಲಿಯಲ್ಲಿ ಎಂಬತ್ತು! ವಾಟ್ಸನ್‌ಗೂ ಲೆಕ್ಕಿಗರ ಕಾಟ ತಪ್ಪಲಿಲ್ಲ. ಅತಿ ಹತ್ತಿರದ ಗೆರೆ ಎಳೆದು ಅಳೆದರೆ 21,600 ನಾಟಿಕಲ್ ಮೈಲಿ ಆಗಬೇಕು, ಇವಳದು ಆಗಿಲ್ಲ ಎಂದರು. 210 ದಿನ ಒಬ್ಬಳೇ ಇದ್ದವಳ ಮುಂದೆ ಟೇಪು ಹಿಡಿದು ನಿಂತವರ ಬಗ್ಗೆ ಹೆಚ್ಚು ಬರೆದರೆ ಸಂಪಾದಕರು ಕತ್ತರಿಸುತ್ತಾರೆ.

ಒಮ್ಮೆ ಗಂಗೊಳ್ಳಿಯಲ್ಲಿ, ಹೆಚ್ಚು ಮಾತಾಡದ ಹಿರಿಯ ತಾಂಡೇಲರೊಬ್ಬರಿಗೆ ಲಾರಾಳ ಕಥೆ ಹೇಳಿದ್ದೆ. ಬಲೆ ಹೆಣೆಯುವುದನ್ನು ನಿಲ್ಲಿಸದೆಯೇ ಕೇಳಿದರು.

"ಒಬ್ಳೇ? ಬಲಿ ಎಳುಕೆ ಯಾರ್ ಮರ್ರೆ?"

"ಬಲೆ ಇಲ್ಲ, ಅವಳು ಮೀನು ಹಿಡಿಯೋಕೆ ಹೋದದ್ದಲ್ಲ."

"ಮತ್ತೆಂತಕ್ಕೆ?"

ಉತ್ತರ ಹುಡುಕುವಷ್ಟರಲ್ಲಿ ಅವರೇ ಇನ್ನೊಂದು ಕೇಳಿದರು: ಅವಳು ನಿದ್ದೆ ಮಾಡುವಾಗ ಯಾರು ನೋಡುತ್ತಾರೆ?

ಇಡೀ ವಿಷಯದ ಹೊಟ್ಟೆಗೇ ಕೈ ಹಾಕಿದ ಪ್ರಶ್ನೆ ಅದು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಪ್ರತಿ ಹಡಗೂ ಎಲ್ಲ ಹೊತ್ತಿನಲ್ಲೂ ಕಣ್ಣು, ಕಿವಿ ತೆರೆದು ಕಾವಲಿರಬೇಕು ಎನ್ನುತ್ತದೆ. ಎಲ್ಲ ಹೊತ್ತಿನಲ್ಲೂ. ಹಾಗಾದರೆ ಕಣ್ಣು ಮುಚ್ಚಿದ ಪ್ರತಿ ಒಂಟಿ ನಾವಿಕನೂ, ಟೋಮಿ ಆಗಲಿ ಲಾರಾ ಆಗಲಿ, ಕಾನೂನು ಮುರಿದವರೇ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ದಡದ ಹತ್ತಿರ, ಹಡಗಿನ ದಾರಿಗಳಲ್ಲಿ, ಒಂಟಿ ನಾವಿಕರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತ ನೋಡುತ್ತಾರೆ. ಈ ಇಪ್ಪತ್ತು ಎಲ್ಲಿಂದ ಬಂತು? ಚಿಕ್ಕ ದೋಣಿಯ ಮೇಲೆ ನಿಂತವರಿಗೆ ದೊಡ್ಡ ಹಡಗು ಕಾಣಿಸುವುದು ಸುಮಾರು ಎಂಟು ಮೈಲಿಯಲ್ಲಿ ಎಂದುಕೊಳ್ಳಿ. ಅದು ಗಂಟೆಗೆ ಹದಿನೆಂಟರಲ್ಲಿ, ನೀವು ಎದುರಿನಿಂದ ಆರರಲ್ಲಿ. ಒಟ್ಟು ಇಪ್ಪತ್ನಾಲ್ಕು. ಎಂಟು ಮೈಲಿ ಮುಗಿಯಲು ಸರಿಯಾಗಿ ಇಪ್ಪತ್ತು ನಿಮಿಷ. ದಿಗಂತ ಖಾಲಿ ಇದ್ದಾಗ ಮಲಗಿದವರು ಹಡಗು ಮೈಮೇಲೆ ಬರುವ ಹೊತ್ತಿಗೆ ಏಳುತ್ತಾರೆ, ಎಚ್ಚರವಾದರೆ. ವಾಟ್ಸನ್ ದೊಡ್ಡ ಯಾನಕ್ಕೆ ಮೊದಲು, 2009ರ ಸೆಪ್ಟೆಂಬರ್ 9ರ ನಸುಕಿಗೆ ಮುಂಚೆ, ಬ್ರಿಸ್ಬೇನ್‌ನಿಂದ ಸಿಡ್ನಿಗೆ ಹೋಗುತ್ತ ಕಿರುನಿದ್ದೆಗೆಂದು ಒಳಗೆ ಹೋಗಿದ್ದಾಗಲೇ 'ಸಿಲ್ವರ್ ಯಾಂಗ್' ಎಂಬ ಸರಕುಹಡಗು ಬಡಿದು ಕೂವೆ ಮುರಿದದ್ದು. ತನಿಖೆ ಮಾಡಿದವರು ಎರಡೂ ಕಡೆಯವರು ಸರಿಯಾಗಿ ಕಾವಲಿರಲಿಲ್ಲ ಎಂದರು. ಲಾರಾಳ ವಿಷಯದಲ್ಲೂ 2010ರ ಜುಲೈನಲ್ಲಿ ಮಿಡೆಲ್‌ಬರ್ಗ್ ನ್ಯಾಯಾಲಯದ ಮುಂದೆ ಬಂದ ಸಿದ್ಧತೆಗಳಲ್ಲಿ ದೊಡ್ಡ ದೋಣಿ, ಪ್ರಥಮ ಚಿಕಿತ್ಸೆಯ ಜೊತೆಗೆ ನಿದ್ದೆಗೆಟ್ಟು ಇರುವ ಅಭ್ಯಾಸವೂ ಇತ್ತು. ಕೋರ್ಟಿನ ಬಗ್ಗೆ ಈ ವಾರ ಇಷ್ಟೇ.

ನಿದ್ದೆ ಎಂದ ಮೇಲೆ ಸ್ಲೋಕಮ್ ಬಾರದೆ ಇರುವುದುಂಟೇ? ಭೂಮಿಯನ್ನು ಮೊದಲು ಒಬ್ಬನೇ ಸುತ್ತಿದ ಜೋಶುವಾ ಸ್ಲೋಕಮ್‌ನ ಪುಸ್ತಕವನ್ನು ನಾನು ಪ್ರತಿ ಮಳೆಗಾಲ ಓದುತ್ತೇನೆ. ಅದನ್ನು ಸಾಹಸಕಥೆ ಎಂದು ಓದುವವರು ಓದಲಿ. ನನ್ನ ಪಾಲಿಗೆ ಅದು ನಿದ್ದೆಯ ಪುಸ್ತಕ. 1895ರ ಏಪ್ರಿಲಿನಲ್ಲಿ 'ಸ್ಪ್ರೇ' ಹತ್ತಿ ಬಾಸ್ಟನ್ ಬಿಟ್ಟ. ಅಝೋರ್ಸ್ ದ್ವೀಪದಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಪ್ಲಮ್ ಹಣ್ಣು, ಬಿಳಿ ಚೀಸು ಎರಡನ್ನೂ ಒಟ್ಟಿಗೆ ತಿಂದ. ಹೊಟ್ಟೆ ತಿರುಚಿ, ಜ್ವರ ಬಂದು, ಹಾಯಿ ಇಳಿಸಬೇಕಾದ ಬಿರುಗಾಳಿಯಲ್ಲಿ ಇಳಿಸಲಾಗದೆ ಕ್ಯಾಬಿನ್ನಿನ ನೆಲದ ಮೇಲೆ ಬಿದ್ದುಕೊಂಡ. ಕಣ್ಣು ಬಿಟ್ಟಾಗ ಚುಕ್ಕಾಣಿ ಹಿಡಿದು ನಿಂತಿದ್ದವನು ಎತ್ತರದ ಒಬ್ಬ ಪರದೇಶಿ ನಾವಿಕ. ತಾನು ಕೊಲಂಬಸ್ಸನ ಜೊತೆ ಬಂದ 'ಪಿಂಟಾ' ಹಡಗಿನ ಪೈಲಟ್ಟು, ಹೆದರಬೇಡ, ಇವತ್ತು ರಾತ್ರಿ ನಿನ್ನ ದೋಣಿ ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಚೀಸಿಗೆ ಪ್ಲಮ್ ಸೇರಿಸಿದ್ದಕ್ಕೆ ಬೈದನಂತೆ ಕೂಡ. ಬೆಳಗಾಗಿ ಎದ್ದು ನೋಡಿದರೆ ಸ್ಪ್ರೇ ತನ್ನ ದಾರಿ ಒಂದಿಷ್ಟೂ ತಪ್ಪದೆ ತೊಂಬತ್ತು ಮೈಲಿ ಓಡಿದೆ. ಸ್ಲೋಕಮ್ ಅದನ್ನು ನಗುತ್ತ ಹೇಳುತ್ತಾನೆ. ಪೂರ್ತಿ ನಗೆಯಲ್ಲ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಮೆಗಲನ್ ಜಲಸಂಧಿಯಲ್ಲಿ ರಾತ್ರಿ ಅಲ್ಲಿನ ಜನ ದೋಣಿ ಹತ್ತುವ ಭಯ. ಕಾವಲಿಗೆ ಎರಡನೇ ಆಳು ಇಲ್ಲ. ಪುಂಟಾ ಅರೆನಾಸ್‌ನಲ್ಲಿ ಒಬ್ಬ ಕ್ಯಾಪ್ಟನ್ ಕೊಟ್ಟಿದ್ದ ಒಂದು ಚೀಲ ರತ್ನಗಂಬಳಿ ಮೊಳೆಗಳನ್ನು ಮೊನೆ ಮೇಲಾಗಿ ಡೆಕ್ಕಿನ ತುಂಬ ಹರಡಿ ಮಲಗಿದ. ಬರಿಗಾಲಲ್ಲಿ ಹತ್ತಿದವರ ಕೂಗಿಗೇ ಇವನಿಗೆ ಎಚ್ಚರವಾದದ್ದು. ಈಗಿನ ರಾಡಾರ್ ಅಲಾರ್ಮ್ ಮಾಡುವ ಕೆಲಸವನ್ನೇ ಆ ಮೊಳೆಗಳು ಮಾಡಿದವು, ಬ್ಯಾಟರಿ ಇಲ್ಲದೆ.

ಈ ಸ್ಲೋಕಮ್ ಮನೆ ಬಿಟ್ಟು ಓಡಿದ್ದು ಹದಿನಾಲ್ಕನೇ ವಯಸ್ಸಿಗೆ. ಮೀನುಗಾರಿಕಾ ಹಡಗಿನಲ್ಲಿ ಅಡುಗೆಯವನಾಗಿ ಸೇರಿಕೊಂಡ. ಮಾಡಿದ ಮೊದಲ ಕಡುಬು ನೋಡಿಯೇ ಹಡಗಿನವರು ಹೊರಗೆ ಹಾಕಿದರು. ಆಮೇಲೆ ಬೇರೆ ಹಡಗು, ಅದಾದ ಮೇಲೆ ಇನ್ನೊಂದು. ಬೇರೆಯವರ ಕಾವಲಿನಲ್ಲಿ ನಿದ್ದೆ ಮಾಡುತ್ತ, ತನ್ನ ಪಾಳಿಯಲ್ಲಿ ಬೇರೆಯವರನ್ನು ಕಾಯುತ್ತ ಮೂವತ್ತೈದಕ್ಕೂ ಹೆಚ್ಚು ವರ್ಷ ಕಳೆದ. ಒಬ್ಬನೇ ಹೊರಟಾಗ ಐವತ್ತೊಂದು. ಹದಿನಾಲ್ಕರಲ್ಲಿ ಸಮುದ್ರಕ್ಕೆ ಹೋಗಬಾರದು ಎನ್ನುವವರಿಗೆ ನಾನು ಇವನನ್ನು ತೋರಿಸುತ್ತೇನೆ, ಹದಿನಾಲ್ಕರಲ್ಲಿ ಒಬ್ಬರೇ ಹೋಗಲಿ ಎನ್ನುವವರಿಗೂ ಇವನನ್ನೇ ತೋರಿಸುತ್ತೇನೆ.

1909ರಲ್ಲಿ ಅದೇ ಸ್ಪ್ರೇ ಹತ್ತಿ ದಕ್ಷಿಣಕ್ಕೆ ಹೊರಟವನು ಮತ್ತೆ ಯಾರಿಗೂ ಕಾಣಲಿಲ್ಲ. ರಾತ್ರಿ ಯಾವುದೋ ಉಗಿಹಡಗು ಮೇಲೆ ಹಾದುಹೋಗಿರಬೇಕು, ಇವನು ಮಲಗಿದ್ದಿರಬೇಕು ಎಂಬುದು ಹಲವರ ಊಹೆ.

ಬುಧವಾರ ನಾನೇ ಬೆಂಗಳೂರಿಗೆ ಫೋನ್ ಮಾಡಿದೆ. ಹುಟ್ಟಿದ ತಾರೀಕು ಕೇಳಬೇಕೆಂದಿದ್ದವನು ಅದನ್ನು ಬಿಟ್ಟು ಬೇರೆಯೇ ಕೇಳಿದೆ.

"ಹುಡುಗನ್ನ ಬೆಳಿಗ್ಗೆ ಸ್ಕೂಲಿಗೆ ಎಬ್ಬಿಸೋದು ಯಾರು?"

"ಅವರಮ್ಮ ಸರ್. ಮೂರು ಸಲ ಕೂಗ್ಬೇಕು. ಮೂರನೇ ಸಲ ಹೊದಿಕೆ ಎಳೀಬೇಕು."

"ಎಳೆದ ಮೇಲೆ?"

"ಎಳೆದ ಮೇಲೆ ಒಂದು ಹತ್ತು ನಿಮಿಷ."

ಡಿಸೆಂಬರಿನಲ್ಲಿ ಗೋವಾದಿಂದ ಮುಂಬೈಗೆ ಹೋಗುವ ದೋಣಿಯೊಂದರಲ್ಲಿ ನನ್ನ ಪರಿಚಯದವರು ಇರುತ್ತಾರೆ, ರಾತ್ರಿ ಎರಡರಿಂದ ನಾಲ್ಕರ ಪಾಳಿಗೆ ಒಂದು ಆಳು ಬೇಕಂತೆ, ಹುಡುಗನನ್ನು ಕಳಿಸಿ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಬರಬಹುದೇ ಎಂದು ಕೇಳಿದರು. ಲಾರಾ ಡೆಕ್ಕರ್‌ಳ ಕೋರ್ಟು ಮುಂದಿನ ವಾರ.