ಮೂರು ಸೊನ್ನೆಗಳು

ಬೇಸ್ ಗಿಟಾರಿನ ಟ್ಯಾಬ್ ಓದಲು ಸಂಗೀತಶಾಸ್ತ್ರ ಗೊತ್ತಿರಬೇಕಿಲ್ಲ. ನಾಲ್ಕು ಅಡ್ಡಗೆರೆಗಳೆಂದರೆ ನಾಲ್ಕು ತಂತಿಗಳು. ಗೆರೆಯ ಮೇಲಿನ ಅಂಕಿ, ಆ ತಂತಿಯನ್ನು ಎಷ್ಟನೆಯ ಫ್ರೆಟ್‌ನಲ್ಲಿ ಒತ್ತಬೇಕು ಎಂಬುದರ ಸೂಚನೆ. ಸೊನ್ನೆ ಇದ್ದರೆ ಎಲ್ಲೂ ಒತ್ತದೆ ಮೀಟಬೇಕು. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಲ್ಯೂಟ್ ವಾದ್ಯಕ್ಕೆ ಬರೆದಿಡುತ್ತಿದ್ದ ಕ್ರಮವೂ ಹೆಚ್ಚುಕಡಿಮೆ ಇದೇ. ಆದರೆ ಆ ಹಾಳೆಗಳಲ್ಲಿ ಅಂಕಿ, ಅಕ್ಷರಗಳ ಮೇಲೆ ಲಯದ ಗುರುತುಗಳೂ ಇರುತ್ತಿದ್ದವು. ಇಂದು ಕೀಲಿಮಣೆಯಲ್ಲಿ ಟೈಪ್ ಮಾಡಿ ಹಂಚಿಕೊಳ್ಳುವ ಸರಳ ಟ್ಯಾಬ್‌ಗಳಲ್ಲಿ ಬಹುಪಾಲು ಅವು ಕಾಣೆಯಾಗಿವೆ. ಬೆರಳು ಎಲ್ಲಿಗೆ ಹೋಗಬೇಕು ಎಂದು ಅವು ಹೇಳುತ್ತವೆ. ಯಾವಾಗ ಹೋಗಬೇಕು, ಯಾವಾಗ ಏಳಬೇಕು ಎಂದು ಹೇಳುವುದಿಲ್ಲ.

ಕರ್ನಾಟಕ ಸಂಗೀತದ ಸ್ವರಲಿಪಿಯನ್ನು ನೋಡಿದವರಿಗೆ ಇದು ತಿರುವುಮುರುವಾದಂತೆ ಕಾಣುತ್ತದೆ. ಅಲ್ಲಿ ತಾಳದ ಗೆರೆಗಳು ಖಚಿತ, ಗಮಕ ಮಾತ್ರ ಗುರುಮುಖೇನ ಬರಬೇಕು. ಟ್ಯಾಬ್‌ನಲ್ಲಿ ಜಾರುವುದಕ್ಕೆ, ತಂತಿ ಎಳೆಯುವುದಕ್ಕೆ ಗುರುತುಗಳಿವೆ. ತಾಳವನ್ನು ಮಾತ್ರ ಕಿವಿಯೇ ಹುಡುಕಿಕೊಳ್ಳಬೇಕು. ಪ್ರತಿಯೊಂದು ಲಿಪಿಯೂ ಏನನ್ನೋ ಕಲಿಯುವವರ ಪಾಲಿಗೆ ಬಿಡುತ್ತದೆ. ಹಾಗೆ ಬಿಟ್ಟದ್ದು ಯಾವುದು ಎಂದು ಕೇಳುವುದೇ ಆ ಲಿಪಿಯ ವಿಮರ್ಶೆ. ಹಿಪ್‌ಹಾಪ್ ಹಾಡುಗಳನ್ನು ಟ್ಯಾಬ್‌ನಿಂದ ಕಲಿಯುವಾಗ ಈ ಪ್ರಶ್ನೆ ತೀವ್ರವಾಗುತ್ತದೆ. ಅಲ್ಲಿ ಬೇಸ್‌ಗೆ ಸ್ವರಗಳು ಕಡಿಮೆ, ಕಾಲದ ಹದವೇ ಮುಖ್ಯ.

1979ರಲ್ಲಿ ಬಂದ, ಶಿಕ್ ತಂಡದ 'ಗುಡ್ ಟೈಮ್ಸ್' ಹಾಡಿನ ಬೇಸ್ ಸಾಲನ್ನೇ ತೆಗೆದುಕೊಳ್ಳಿ. ನುಡಿಸಿದವರು ಬರ್ನಾರ್ಡ್ ಎಡ್ವರ್ಡ್ಸ್. ಟ್ಯಾಬ್‌ನಲ್ಲಿ ಅದರ ಆರಂಭ ಎಂದರೆ ಅತಿ ದಪ್ಪ ತಂತಿಯ ಮೇಲೆ ಮೂರು ಸೊನ್ನೆಗಳು. ಗಿಟಾರ್ ಹಿಡಿದ ಮೊದಲ ದಿನವೇ ಯಾರಾದರೂ ಮೀಟಬಹುದು. ಆದರೆ ಸೊನ್ನೆಗಳನ್ನು ಸುಮ್ಮನೆ ಮೀಟುತ್ತ ಹೋದರೆ ಒಂದರ ಗುಂಯ್‌ಗಾಟ ಮುಂದಿನದರೊಳಗೆ ಸೇರಿಕೊಂಡು ಹಾಡೇ ಕೆಸರಾಗುತ್ತದೆ. ಎಡ್ವರ್ಡ್ಸ್ ಪ್ರತಿ ಸ್ವರವನ್ನೂ ಮೊಟಕಾಗಿಸಿ ನಿಲ್ಲಿಸುತ್ತಾರೆ. ಮೂರನೆಯದರ ನಂತರ ಒಂದು ಬಿಡುವು, ಆಮೇಲೆ ಸರಸರನೆ ಮೇಲೇರುವ ಸಣ್ಣ ಸ್ವರಗಳು. ಕಾಲು ಕುಣಿಯುವುದು ಆ ಬಿಡುವಿನಲ್ಲಿ. ಸೊನ್ನೆ ಮತ್ತು ಸೊನ್ನೆಯ ನಡುವೆ ಇರುವುದನ್ನು ಬರೆಯಲು ಟ್ಯಾಬ್‌ನಲ್ಲಿ ಅಂಕಿಯಿಲ್ಲ.

ಅದೇ ವರ್ಷ ಶುಗರ್‌ಹಿಲ್ ಗ್ಯಾಂಗ್ ತಂಡದ 'ರ‍್ಯಾಪರ್ಸ್ ಡಿಲೈಟ್' ಹೊರಬಂತು. ಅದರ ಬೇಸ್ ಸಾಲು ಶಿಕ್ ತಂಡದ ರೆಕಾರ್ಡಿನಿಂದ ಯಂತ್ರದಲ್ಲಿ ಕತ್ತರಿಸಿ ತಂದದ್ದಲ್ಲ. ಸ್ಟುಡಿಯೊದಲ್ಲಿ ಬೇರೆ ವಾದಕರು ಕೂತು ಮತ್ತೆ ನುಡಿಸಿದ್ದು. ಹಾಡಿನ ದೀರ್ಘ ಆವೃತ್ತಿ ಹದಿನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟೂ ಹೊತ್ತು ಇನ್ನೊಬ್ಬರ ಸಾಲನ್ನು ಪುನರಾವರ್ತಿಸುವ ಕೈಯೊಂದು ಅಲ್ಲಿದೆ. ಹಿಪ್‌ಹಾಪ್ ಎಂದರೆ ಯಂತ್ರದ ಲೂಪ್, ಅದನ್ನು ಗಿಟಾರಿನಲ್ಲಿ ಕಲಿಯುವುದು ಅಸಂಗತ ಎನ್ನುವವರು ಈ ಸಂಗತಿಯನ್ನು ಮರೆತಿರುತ್ತಾರೆ. ಜಗತ್ತಿಗೆ ಈ ಪ್ರಕಾರವನ್ನು ಪರಿಚಯಿಸಿದ ರೆಕಾರ್ಡಿನಲ್ಲೇ, ಇಂದು ಟ್ಯಾಬ್ ಮುಂದಿಟ್ಟುಕೊಂಡವರು ಮಾಡುವ ಕೆಲಸವನ್ನು ಒಬ್ಬ ವಾದಕ ಮಾಡಿದ್ದ. ಮುಂದೆ ಎಡ್ವರ್ಡ್ಸ್ ಮತ್ತು ನೈಲ್ ರಾಜರ್ಸ್ ಕಾನೂನಿನ ಮಾತೆತ್ತಿದ ಮೇಲೆ ಅವರ ಹೆಸರುಗಳು ಆ ಹಾಡಿನ ಕರ್ತೃಗಳ ಸಾಲಿಗೆ ಸೇರಿದವು.

ಟ್ಯಾಬ್ ಬಿಟ್ಟುಬಿಡುವ ಎರಡನೆಯ ಸಂಗತಿ ಇದೇ: ಕೈ ಯಾರದು? ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 'ಕ್ಯಾನ್ ಐ ಕಿಕ್ ಇಟ್?' ಹಾಡಿನ ಟ್ಯಾಬ್ ಹುಡುಕಿದರೆ ಮೇಲ್ಗಡೆ ಕಾಣುವುದು ಆ ತಂಡದ ಹೆಸರು. ಆದರೆ 1990ರ ಆ ಹಾಡಿನಲ್ಲಿ ಸುತ್ತುತ್ತಿರುವುದು 1972ರ ಲೂ ರೀಡ್ ಹಾಡಿನ ಬೇಸ್. ಅದನ್ನು ನುಡಿಸಿದವರು ಹರ್ಬಿ ಫ್ಲವರ್ಸ್ ಎಂಬ ಇಂಗ್ಲಿಷ್ ಸೆಷನ್ ವಾದಕ. ಮೊದಲು ಡಬಲ್ ಬೇಸ್‌ನಲ್ಲಿ ಒಂದು ಸಾಲು, ಅದರ ಮೇಲೆ ಬೇಸ್ ಗಿಟಾರಿನಲ್ಲಿ ಇನ್ನೊಂದು. ಎರಡು ವಾದ್ಯ ನುಡಿಸಿದರೆ ಎರಡು ಸಂಭಾವನೆ ಸಿಗುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದರು. ಹಾಡಿನ ಹಕ್ಕು ಬರೆದವರದು, ವಾದಕರಿಗೆ ದಿನದ ಕೂಲಿ. ಕೇಳಿದ ಕೂಡಲೇ ಹಾಡಿನ ಗುರುತು ಹತ್ತುವುದು ಮಾತ್ರ ಆ ಬೇಸ್‌ನಿಂದ.

ಟ್ಯಾಬ್ ಈ ಎರಡು ಸಾಲುಗಳಲ್ಲಿ ಒಂದನ್ನು ಬಿಡುತ್ತದೆ, ಇಲ್ಲವೇ ಎರಡನ್ನೂ ಒಂದೇ ಕೈಗೆ ಹೊಂದಿಸುತ್ತದೆ. ಹಾಗೆ ಮಾಡುವುದು ತಪ್ಪಲ್ಲ, ಸಾರಾಂಶದ ಸ್ವಭಾವವೇ ಅಂಥದ್ದು. ಆದರೆ ಸಾರಾಂಶವನ್ನೇ ಹಾಡೆಂದು ತಿಳಿದರೆ, ಎರಡು ವಾದ್ಯಗಳು ಏಕೆ ಬಂದವು ಎಂಬ ಕಥೆ, ಅಂದರೆ ಒಬ್ಬ ಕೆಲಸಗಾರನ ಲೆಕ್ಕಾಚಾರ, ನಮಗೆ ಕೇಳಿಸುವುದೇ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಹಸ್ತಪ್ರತಿ ಓದುವವರು ಕವಿಯ ಹೆಸರಿನ ಜೊತೆ ಲಿಪಿಕಾರನನ್ನೂ ಹುಡುಕುತ್ತಾರೆ.

ಯಾರ ಬೆರಳೂ ತಾಗದ ಬೇಸ್ ಕೂಡ ಹಿಪ್‌ಹಾಪ್‌ನಲ್ಲಿ ಧಾರಾಳವಾಗಿದೆ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಯಂತ್ರದ ಡ್ರಮ್ ಸದ್ದನ್ನೇ ಉದ್ದಕ್ಕೆಳೆದು, ಶ್ರುತಿ ಮಾಡಿ ಬೇಸ್ ಆಗಿ ಬಳಸುತ್ತಾರೆ. ಅಂಥ ಹಾಡುಗಳಿಗೂ ಟ್ಯಾಬ್ ಬರೆಯುತ್ತಾರೆ. ಆಗ ಟ್ಯಾಬ್ ದಾಖಲೆಯಲ್ಲ, ಅನುವಾದ. ಯಂತ್ರದ ಸದ್ದಿಗೆ ಮೊದಲ ಸಲ ಬೆರಳೊಂದು ದೊರಕುವುದು ಅಲ್ಲಿ.

ಆದ್ದರಿಂದ ಟ್ಯಾಬ್ ಬೇಡವೆನ್ನುವುದು ನನ್ನ ವಾದವಲ್ಲ. ದುಡ್ಡು ಕೊಟ್ಟು ಪಾಠಕ್ಕೆ ಹೋಗಲಾಗದವರ ಕೈಗೆ ಅದು ಹಾಡುಗಳನ್ನು ತಂದುಕೊಟ್ಟಿದೆ. ಸ್ಟಾಫ್ ನೊಟೇಶನ್ ಮಾಡದ ಉಪಕಾರ ಅದು. ಅಂಕಿಗಳನ್ನು ಕಲಿತ ಮೇಲೆ ಹಾಳೆ ಮುಚ್ಚಿ ಮೂಲ ರೆಕಾರ್ಡನ್ನು, ಅದರ ಹಿಂದಿನ ರೆಕಾರ್ಡನ್ನೂ ಕೇಳಬೇಕು. ಹಾಳೆಯ ತಲೆಯಲ್ಲಿ ವಾದಕರ ಹೆಸರು ಬರೆಯಬೇಕು. ಇಷ್ಟು ಮಾಡಿದರೆ ಟ್ಯಾಬ್ ಓದು ಪೂರ್ತಿಯಾಗುತ್ತದೆ.

ಹಿಪ್‌ಹಾಪ್‌ಗೂ ಇದು ಹೊರಗಿನ ಬೇಡಿಕೆಯಲ್ಲ. ಫ್ಲವರ್ಸ್ ಅವರ ಬೇಸನ್ನು ಲೂಪ್ ಮಾಡಿದ ಅದೇ ತಂಡ 1991ರ 'ದಿ ಲೋ ಎಂಡ್ ಥಿಯರಿ' ಆಲ್ಬಂಗೆ ಜಾಝ್ ವಾದಕ ರಾನ್ ಕಾರ್ಟರ್ ಅವರನ್ನೇ ಕರೆಸಿ ಡಬಲ್ ಬೇಸ್ ನುಡಿಸಿತು. ಅವರು ನುಡಿಸಿದ ಹಾಡಿನೊಳಗೇ ಅವರ ಹೆಸರನ್ನು ಹೇಳಲಾಗಿದೆ.