ತೊಳೆದ ಪಾದಗಳಿಗೆ ಮತ್ತೆ ನೀರು

ಪವಿತ್ರ ಗುರುವಾರದ ಸಂಜೆ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಜನ ಮನೆಯಲ್ಲೇ ಕಾಲು ಉಜ್ಜಿ ತೊಳೆದು ಬರುತ್ತಾರೆ. ಕೆಲವರು ಉಗುರನ್ನೂ ಕತ್ತರಿಸಿಕೊಂಡಿರುತ್ತಾರೆ. ಗುರುಗಳು ಒಂದು ಕಾಲಿಗೆ ಅಷ್ಟು ನೀರು ಸುರಿದು, ಟವೆಲಿನಿಂದ ಒರೆಸಿ, ಮುಂದಿನವರತ್ತ ಸರಿಯುತ್ತಾರೆ. ಮೊಬೈಲುಗಳು ಮೇಲೇಳುತ್ತವೆ. ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಕಡೆಯ ಕಥೋಲಿಕರಿಗೂ ಶಿವಾಜಿನಗರದವರಿಗೂ ಇದು ಪರಿಚಿತ ನೋಟ.

ಯೋಹಾನನ ಶುಭಸಂದೇಶದ ಹದಿಮೂರನೇ ಅಧ್ಯಾಯದಲ್ಲಿ ಇದು ಇಷ್ಟು ನಯವಾಗಿಲ್ಲ. ಧೂಳುಗಾಲು ತೊಳೆಯುವುದು ಆಳಿನ ಕೆಲಸ. ಗುರು ಯೇಸುವೇ ಮೇಲಂಗಿ ಕಳಚಿ ಬಗ್ಗಿದಾಗ ಶಿಷ್ಯ ಪೇತ್ರ ಬೇಡವೇ ಬೇಡ ಎನ್ನುತ್ತಾನೆ. ನಮ್ಮ ಆಚರಣೆ ಕಳೆದುಕೊಂಡಿರುವುದು ಆ ಮುಜುಗರವನ್ನೇ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹುಡುಗಿಯರ, ಮುಸ್ಲಿಮರ ಪಾದಗಳನ್ನೂ ತೊಳೆದಾಗ ಆ ಮುಜುಗರ ಮರಳಿ ಬಂತು, ಸಂಪ್ರದಾಯಸ್ಥರು ಸಿಡುಕಿದರು. 2016ರಲ್ಲಿ ನಿಯಮವೇ ಬದಲಾಗಿ ಹೆಂಗಸರಿಗೂ ಆ ಸಾಲಿನಲ್ಲಿ ಜಾಗ ಸಿಕ್ಕಿತು.

ಕ್ಯಾಮೆರಾ ಇಲ್ಲದ ಕಡೆ ಇದೇ ಕೆಲಸ ನಿತ್ಯ ನಡೆಯುತ್ತದೆ. ಹೊಸೂರು ರಸ್ತೆಯಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ನಡೆಸುವ ವೃದ್ಧಾಶ್ರಮ ನೂರು ವರ್ಷಕ್ಕೂ ಹಳೆಯದು. ಬಡ ಮುದುಕರಿಗಾಗಿ ಬೇಡಿ ತರುವುದು ಈ ಸಿಸ್ಟರುಗಳ ಪದ್ಧತಿ. ಅದನ್ನು ರೂಢಿಸಿದವಳು ಫ್ರಾನ್ಸಿನ ಜಾನ್ ಜುಗಾನ್. 1839ರ ಚಳಿಗಾಲದಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟವಳು. ಕೆಲವೇ ವರ್ಷಗಳಲ್ಲಿ ಪಾದ್ರಿಯೊಬ್ಬ ಅವಳು ಕಟ್ಟಿದ ಸಂಸ್ಥೆಯ ಮುಖ್ಯಸ್ಥಾನದಿಂದ ಅವಳನ್ನೇ ಇಳಿಸಿ, ಸ್ಥಾಪಕ ತಾನೇ ಎಂದು ಹೇಳಿಕೊಂಡ. 1879ರಲ್ಲಿ ಅವಳು ಸತ್ತಾಗ ಮಠದ ಎಷ್ಟೋ ಕಿರಿಯ ಸಿಸ್ಟರುಗಳಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಸಂತ ಪದವಿ ಬಂದಿದ್ದು 2009ರಲ್ಲಿ.

ಪ್ರಸಂಗಗಳಲ್ಲಿ ಈ ಕಥೆ ದೀನತೆಯ ಮಾದರಿಯಾಗಿ ಬರುತ್ತದೆ. ನನಗೆ ಅಲ್ಲೇ ತಕರಾರು. ಮೌನವಾಗಿ ಸಹಿಸಿದ್ದು ಅವಳ ದೊಡ್ಡತನ, ನಿಜ. ಹೆಸರು ಕಸಿದದ್ದು ಮಾತ್ರ ಶುದ್ಧ ಅನ್ಯಾಯ. ಎರಡನ್ನೂ ಒಂದೇ ಪುಣ್ಯದ ಲೆಕ್ಕಕ್ಕೆ ಬರೆದುಬಿಟ್ಟರೆ ಕಸಿದವನಿಗೆ ಅನುಕೂಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದೆಂಬ ಯೇಸುವಿನ ಬುದ್ಧಿಮಾತು ಕೊಡುವವರಿಗೆ ಹೇಳಿದ್ದು, ಕೆಲಸ ಮಾಡಿಸಿಕೊಳ್ಳುವವರಿಗಲ್ಲ. ದೇವಾಲಯ ಗುಡಿಸಿ, ಆ ಟವೆಲುಗಳನ್ನು ಒಗೆಯುವ ಹೆಂಗಸು ಸಂಬಳ ಹೆಚ್ಚಿಸಿ ಎಂದರೆ, ಸೇವೆಗೆ ಲೆಕ್ಕ ಇಡಬಾರದಮ್ಮ ಎನ್ನುವ ಹಿರಿಯರಿದ್ದಾರೆ. ಅವರು ಕೂತ ಬೆಂಚಿನ ಬೆನ್ನಿಗೂ ತಲೆಯ ಮೇಲೆ ತಿರುಗುವ ಫ್ಯಾನಿನ ರೆಕ್ಕೆಗೂ ದಾನಿಯ ಹೆಸರು, ಊರು, ಇಸವಿ ಸಮೇತ ಬರೆಸಿರುತ್ತದೆ.